ಮೊದಲು ಯಾವುದನ್ನು ಬರೆಯುವುದು?

ಕಾನೂನು ಓದಬೇಕೆಂದಿರುವ ಜಾಣ ಹುಡುಗ ಹುಡುಗಿಯರು ನಾಲ್ಕು ಜನ ಸೇರಿದರೆ ಒಂದು ಜಗಳ ಶುರುವಾಗುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಹೆಚ್ಚೋ, ಹೈದರಾಬಾದಿನ ನಲ್ಸಾರ್ ಹೆಚ್ಚೋ ಎಂಬ ಜಗಳ. ಹಿಂದೆ ಚಹಾದಂಗಡಿಗಳಲ್ಲಿ ರಾಜಕುಮಾರ್ ಹೆಚ್ಚೋ ವಿಷ್ಣುವರ್ಧನ್ ಹೆಚ್ಚೋ ಎಂದು ನಡೆಯುತ್ತಿದ್ದ ವಾದದ ಜಾತಿಯದೇ ಇದೂ. ಇಬ್ಬರನ್ನೂ ಹತ್ತಿರದಿಂದ ಕಾಣದವರೇ ಹೆಚ್ಚು ಖಚಿತವಾಗಿ ಮಾತಾಡುತ್ತಾರೆ. ಈ ಜಗಳ ನಮ್ಮ ಮೈಲಾರದವರೆಗೂ ಬಂದಿದೆ ಎಂಬುದು ಒಂದು ರೀತಿಯಲ್ಲಿ ಸಂತೋಷದ ಸಂಗತಿಯೇ. ಆದರೆ ಅದನ್ನು ಬಗೆಹರಿಸಲು ನಮ್ಮ ಜನ ಹಿಡಿದುಕೊಂಡಿರುವ ಅಳತೆಗೋಲುಗಳ ಬಗ್ಗೆ ನನಗೆ ತಕರಾರಿದೆ.

ಮೊದಲು ಚರಿತ್ರೆ ನೋಡೋಣ. ನಮ್ಮ ಹಡಗಲಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಮೇಲಿನ ಕೋರ್ಟು ಮದ್ರಾಸಿನಲ್ಲಿ, ಕಾನೂನು ಓದಬೇಕೆಂದವರಿಗೂ ಮದ್ರಾಸೇ. ಅತ್ತ ಮುಂಬಯಿ ಸೀಮೆಯ ಕನ್ನಡಿಗರಿಗೆ 1939ರಲ್ಲಿ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು ಬಂತು. ಹೊಳೆಯ ಈಚೆ ಒಂದು ದಾರಿ, ಆಚೆ ಒಂದು ದಾರಿ. ಯಾವ ಕಾಲೇಜು ಶ್ರೇಷ್ಠ ಎಂದು ಯಾರೂ ಕೇಳುತ್ತಿರಲಿಲ್ಲ. ರೈಲು ಎಲ್ಲಿಗೆ ಹೋಗುತ್ತದೆ, ಯಾರ ಮನೆಯಲ್ಲಿ ಉಳಿದುಕೊಳ್ಳಬಹುದು ಎಂಬುದೇ ಲೆಕ್ಕ. ಹಾಗೆ ಬೆಳಗಾವಿಯಲ್ಲಿ ಓದಿದವರಲ್ಲಿ ಒಬ್ಬರಾದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು.

ಆ ವೇಳೆಗಾಗಲೇ ಬೆಂಗಳೂರಿನಲ್ಲಿ ಹೊಸ ಶಾಲೆ ಹುಟ್ಟಿತ್ತು. ಅದಕ್ಕೆ ನಮ್ಮ ರಾಜ್ಯದ ಶಾಸನಸಭೆಯೇ 1986ರಲ್ಲಿ ಕಾಯಿದೆ ಮಾಡಿತು, ಮೊದಲ ತಂಡ ಸೇರಿದ್ದು 1988ರಲ್ಲಿ. ಎನ್.ಆರ್. ಮಾಧವ ಮೆನನ್ ಅದನ್ನು ಕಟ್ಟಿದ ಮೇಷ್ಟ್ರು. ಪದವಿ ಮುಗಿಸಿ, ಬೇರೇನೂ ಸಿಗದೆ, ಸಂಜೆ ಕಾಲೇಜಿನಲ್ಲಿ ಹಾಜರಿ ಹಾಕಿ ವಕೀಲರಾಗುತ್ತಿದ್ದ ಕಾಲ ಅದು. ಪಿಯುಸಿ ಆದ ಕೂಡಲೇ ಐದು ವರ್ಷ ಒಂದೇ ಕಡೆ ಕೂರಿಸಿ ಗಟ್ಟಿಯಾಗಿ ಕಲಿಸಬೇಕು ಎಂದು ಅವರು ಹೊರಟರು. ಅದೇ ಅಚ್ಚಿನಲ್ಲಿ 1998ರಲ್ಲಿ ಹೈದರಾಬಾದಿನಲ್ಲಿ ನಲ್ಸಾರ್ ಬಂತು. ನಂತರ ರಾಜ್ಯಕ್ಕೊಂದರಂತೆ ಬರುತ್ತಲೇ ಹೋದವು.

ಎರಡೂ ಶಾಲೆಗಳ ಲಾಂಛನದ ಮೇಲಿರುವ ಸಂಸ್ಕೃತದ ಮಾತುಗಳನ್ನು ನೋಡಿ ನನಗೆ ಒಂದಿಷ್ಟು ತಮಾಷೆ ಎನಿಸಿತು. ಭಾಷೆ ಕಲಿಸುವವಳ ಚಟ. ಧರ್ಮವನ್ನು ಕಾಪಾಡಿದರೆ ಅದು ಕಾಪಾಡಿದವರನ್ನು ಕಾಯುತ್ತದೆ ಎಂಬ ಅರ್ಥದ್ದು ಬೆಂಗಳೂರಿನದು. ಧರ್ಮದ ಮೇಲೆಯೇ ಎಲ್ಲವೂ ನಿಂತಿದೆ ಎಂಬ ಅರ್ಥದ್ದು ಹೈದರಾಬಾದಿನದು. ಒಂದರಲ್ಲಿ ಷರತ್ತಿದೆ, ಇನ್ನೊಂದರಲ್ಲಿ ಘೋಷಣೆಯಿದೆ. ಷರತ್ತಿರುವ ಮಾತೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಂಡಿತು. ಯಾರಾದರೂ ಕಾಪಾಡದಿದ್ದರೆ ಏನೂ ನಿಲ್ಲುವುದಿಲ್ಲ ಎಂದು ಅದು ಒಪ್ಪಿಕೊಳ್ಳುತ್ತದೆ. ಇದೇ ಆಧಾರದ ಮೇಲೆ ಶಾಲೆ ಆರಿಸಿ ಎಂದು ಹೇಳುತ್ತಿಲ್ಲ. ಆದರೂ ಈಗ ಬಳಕೆಯಲ್ಲಿರುವ ಕೆಲವು ಆಧಾರಗಳಿಗಿಂತ ಇದು ಕೆಟ್ಟದ್ದೇನಲ್ಲ.

ಬಳಕೆಯಲ್ಲಿರುವ ಆಧಾರ ಯಾವುದು? ರ‍್ಯಾಂಕು. ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಯಲ್ಲಿ ಕಾನೂನಿಗೆ ಪ್ರತ್ಯೇಕ ವಿಭಾಗ ಬಂದದ್ದು 2018ರಲ್ಲಿ. ಅಂದಿನಿಂದಲೂ ಬೆಂಗಳೂರಿನದೇ ಮೊದಲು. 2024ರ ಪಟ್ಟಿಯಲ್ಲಿ ನಲ್ಸಾರ್ ಮೂರನೆಯದು, ನಡುವೆ ದೆಹಲಿಯ ವಿಶ್ವವಿದ್ಯಾಲಯ. ನಮ್ಮೂರಿನ ಜನಕ್ಕೆ ಇದನ್ನು ಹೇಗೆ ಓದಬೇಕೆಂದು ಬೇರೆಯವರು ಕಲಿಸಬೇಕಾಗಿಲ್ಲ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನೇರಿ ‘ಸದ್ದಲೇ’ ಎಂದಾಗ ಅಷ್ಟು ಲಕ್ಷ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಕಾರ್ಣಿಕ ಒಂದೇ ಸಾಲು. ಸಂಜೆಯೊಳಗೆ ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ದರ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಆದರೆ ಅರ್ಥ ನಾವು ಹಚ್ಚುತ್ತಿರುವುದು ಎಂಬ ಅರಿವು ನಮ್ಮ ಜನಕ್ಕೆ ಒಳಗೊಳಗೇ ಇರುತ್ತದೆ. ಶ್ರೇಯಾಂಕದ ಮುಂದೆ ಆ ಅರಿವೂ ಇಲ್ಲ. ಆ ಪಟ್ಟಿ ಅಳೆಯುವ ಸಂಗತಿಗಳಲ್ಲಿ ಒಂದು, ಸಂಸ್ಥೆಯ ಬಗ್ಗೆ ಬಲ್ಲವರಿಗೆ ಏನು ಅಭಿಪ್ರಾಯವಿದೆ ಎಂಬುದು. ಹೆಸರಾಗಿರುವುದರಿಂದ ಅಂಕ, ಅಂಕವಿರುವುದರಿಂದ ಹೆಸರು. ಓದಿ ಹೊರಬಂದವರಲ್ಲಿ ಎಷ್ಟು ಜನ ತಾಲ್ಲೂಕು ಕೋರ್ಟಿನ ಮೆಟ್ಟಿಲು ಹತ್ತಿದರು, ಕಕ್ಷಿದಾರನ ಭಾಷೆಯಲ್ಲಿ ಅವನ ಸಂಕಟ ಕೇಳಬಲ್ಲವರು ಎಷ್ಟು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಈ ಶಾಲೆಗಳ ಮಕ್ಕಳು ದೊಡ್ಡ ಕಂಪೆನಿಗಳ ವಕೀಲಿಗೇ ಹೆಚ್ಚಾಗಿ ಹೋಗುತ್ತಾರೆ ಎಂಬ ಟೀಕೆ ಹಳೆಯದು. ಸಂಬಳ ಕೇಳಿದರೆ ಅವರನ್ನು ಬೈಯಲೂ ಮನಸ್ಸು ಬಾರದು.

ಇನ್ನೊಂದು ಮಾತು. ಎರಡರಲ್ಲಿ ಒಂದನ್ನು ಆರಿಸುವುದು ಎಂಬುದೇ ಈಗ ಹೆಚ್ಚುಕಡಿಮೆ ಇಲ್ಲ. 2008ಕ್ಕೆ ಮುಂಚೆ ಒಂದೊಂದು ಶಾಲೆಗೂ ಬೇರೆ ಬೇರೆ ಪರೀಕ್ಷೆ. ಎರಡರಲ್ಲೂ ಗೆದ್ದವರು ನಿಜವಾಗಿ ಆರಿಸಿಕೊಳ್ಳುತ್ತಿದ್ದರು. ಆ ವರ್ಷ ಏಳು ಶಾಲೆಗಳು ಸೇರಿ ಕ್ಲಾಟ್ ಎಂಬ ಒಂದೇ ಪರೀಕ್ಷೆ ಮಾಡಿದವು. ಈಗ ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿವೆ. ವಿದ್ಯಾರ್ಥಿ ಮಾಡುವುದಿಷ್ಟೇ, ಮೊದಲು ಯಾವುದು, ಆಮೇಲೆ ಯಾವುದು ಎಂದು ಪಟ್ಟಿ ಬರೆದುಕೊಡುವುದು. ಪಟ್ಟಿ ಎಲ್ಲರದ್ದೂ ಬಹುಪಾಲು ಒಂದೇ. ರ‍್ಯಾಂಕು ಚೆನ್ನಾಗಿದ್ದರೆ ಮೊದಲನೆಯದು, ಸ್ವಲ್ಪ ಜಾರಿದರೆ ಎರಡನೆಯದು. ತೂಗಿ ನೋಡಿ ಆರಿಸಿದೆವು ಎಂದು ಆಮೇಲೆ ಹೇಳಿಕೊಳ್ಳುತ್ತೇವೆ. ಬೆಂಗಳೂರಿನ ಶಾಲೆ 2020ರಲ್ಲಿ ಈ ಒಕ್ಕೂಟ ಬಿಟ್ಟು ತನ್ನದೇ ಪರೀಕ್ಷೆ ನಡೆಸಲು ಹೋಯಿತು. ಸುಪ್ರೀಂ ಕೋರ್ಟು ಆ ಸೆಪ್ಟೆಂಬರಿನಲ್ಲೇ ಅದನ್ನು ರದ್ದು ಮಾಡಿತು.

ಆದ್ದರಿಂದ ಶಾಲೆಗಳಿಗಿಂತ ಪರೀಕ್ಷೆಯ ಮೇಲೇ ನನ್ನ ಕಣ್ಣು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಿಂದಿನ ಪ್ರಶ್ನೆಪತ್ರಿಕೆಗಳನ್ನು ತಂದು ಎದುರಿಗೆ ಕುಳಿತಾಗ ಒಂದಲ್ಲ, ನಾಲ್ಕು ವರ್ಷದ್ದು ಓದಿದೆ. ಮೊದಲು 200 ಪ್ರಶ್ನೆಗಳಿದ್ದವು, 2020ರಿಂದ 150, 2024ರ ಪ್ರವೇಶದಿಂದ 120. ವೇಳೆ ಎರಡು ತಾಸು. ಅಂದರೆ ನಿಮಿಷಕ್ಕೊಂದು ಪ್ರಶ್ನೆ. ಅದೂ ಸುಮಾರು 450 ಪದಗಳ ಇಂಗ್ಲಿಷ್ ಗದ್ಯಭಾಗ ಓದಿ, ಅದರ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಬೇಕು. ತಪ್ಪಾದರೆ ಕಾಲು ಅಂಕ ಕಟ್.

ಪತ್ರಿಕೆಯಲ್ಲಿ ನಾನು ಮೆಚ್ಚಿದ ಭಾಗವೂ ಇದೆ. ಕಾನೂನಿನ ತರ್ಕ ಎಂಬ ವಿಭಾಗದಲ್ಲಿ ಒಂದು ನಿಯಮ ಕೊಟ್ಟು, ಒಂದು ಸಂಗತಿ ಕೊಟ್ಟು, ನಿಯಮ ಇಲ್ಲಿ ಹೇಗೆ ಅನ್ವಯವಾಗುತ್ತದೆ ಎಂದು ಕೇಳುತ್ತಾರೆ. ಮೊದಲೇ ಕಾನೂನು ಗೊತ್ತಿರಬೇಕಾಗಿಲ್ಲ. ಇದು ಒಳ್ಳೆಯ ಪ್ರಶ್ನೆಯ ಲಕ್ಷಣ. ಉರು ಹೊಡೆದವರಿಗೆ ಇದರಲ್ಲಿ ಲಾಭವಿಲ್ಲ. ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಬದುವಿನ ಜಗಳ ಬಗೆಹರಿಸುವ ಹಿರಿಯರು ಮಾಡುವುದೂ ಇದನ್ನೇ. ಅಂಥ ಒಂದು ಗದ್ಯಭಾಗವನ್ನು ನಾನು ಕನ್ನಡಕ್ಕೆ ಮಾಡಿ ಆ ಹುಡುಗಿಗೆ ಕೊಟ್ಟೆ. ಐದಕ್ಕೆ ಐದೂ ಸರಿ. ಕಾರಣವನ್ನೂ ಹೇಳಿದಳು. ಅಷ್ಟೇ ಕಷ್ಟದ ಇನ್ನೊಂದನ್ನು ಇಂಗ್ಲಿಷಿನಲ್ಲಿ ಗಡಿಯಾರ ಇಟ್ಟು ಕೊಟ್ಟೆ. ಎರಡು ಸರಿ, ಒಂದು ತಪ್ಪು, ಎರಡನ್ನು ಮುಟ್ಟಲೇ ಇಲ್ಲ. ಹಾಗಾದರೆ ಈ ಪರೀಕ್ಷೆ ಅಳೆದದ್ದು ಏನನ್ನು? ತರ್ಕವನ್ನಂತೂ ಅಲ್ಲ. ಇಂಗ್ಲಿಷ್ ಓದುವ ಓಟದ ವೇಗವನ್ನು ಅಳೆದು, ಅದಕ್ಕೆ ಕಾನೂನಿನ ಬುದ್ಧಿ ಎಂದು ಹೆಸರಿಟ್ಟರು.

ವಕೀಲನಿಗೆ ಇಂಗ್ಲಿಷ್ ಬೇಡವೇ ಎಂದು ಕೇಳುತ್ತಾರೆ. ಬೇಕು. ಹೈಕೋರ್ಟು, ಸುಪ್ರೀಂ ಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲೇ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಆದರೆ ಐದು ವರ್ಷ ಕಲಿಸುವುದು ಯಾತಕ್ಕೆ? ಡಾಕ್ಟರಿಕೆಯ ಪುಸ್ತಕಗಳೂ ಇಂಗ್ಲಿಷಿನಲ್ಲೇ ಇವೆ. ಆದರೂ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕ್ಲಾಟನ್ನು ಭಾರತೀಯ ಭಾಷೆಗಳಲ್ಲಿ ನಡೆಸಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅರ್ಜಿಯೂ ಬಂದಿತ್ತು. ಪರೀಕ್ಷೆ ಮಾತ್ರ ಇನ್ನೂ ಇಂಗ್ಲಿಷಿನಲ್ಲೇ ಇದೆ. ಅತ್ತ ನಮ್ಮ ಹೈಕೋರ್ಟಿನಲ್ಲೇ 2024ರ ಡಿಸೆಂಬರ್ 12ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತು. ತೀರ್ಪು ಕನ್ನಡದಲ್ಲಿ ಬರಬಹುದು, ಪ್ರವೇಶದ ಪ್ರಶ್ನೆ ಬರಬಾರದು!

ಅರ್ಜಿಯ ಶುಲ್ಕವನ್ನೂ ಹೇಳಿಬಿಡುತ್ತೇನೆ. 4000 ರೂಪಾಯಿ. ಪರಿಶಿಷ್ಟರಿಗೆ, ಬಡತನದ ರೇಖೆಗಿಂತ ಕೆಳಗಿನವರಿಗೆ 3500. ಐನೂರು ರೂಪಾಯಿಯ ದಯೆ.

ಇನ್ನು ಕನ್ನಡದ ಮಕ್ಕಳಿಗೆ ಮೀಸಲು. ನಮ್ಮ ನೆಲ, ನಮ್ಮ ಕಾಯಿದೆ, ಆದರೆ ನಮ್ಮ ಮಕ್ಕಳು ಬೆರಳೆಣಿಕೆಯಷ್ಟು ಎಂಬ ಕೂಗು ಬಹಳ ದಿನದ್ದು. 2020ರಲ್ಲಿ ರಾಜ್ಯ ಸರ್ಕಾರ ಕಾಯಿದೆ ತಿದ್ದಿ ಬೆಂಗಳೂರಿನ ಶಾಲೆಯಲ್ಲಿ ನೂರಕ್ಕೆ 25 ಸೀಟನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಇಟ್ಟಿತು. ಸೆಪ್ಟೆಂಬರ್ 29ರಂದು ಹೈಕೋರ್ಟು ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಆ ಪೀಠದಲ್ಲಿದ್ದವರು ಬಿ.ವಿ. ನಾಗರತ್ನ ಮತ್ತು ರವಿ ಹೊಸಮನಿ. ನಾಗರತ್ನ ಅವರು ಮೇಲೆ ಹೇಳಿದ ವೆಂಕಟರಾಮಯ್ಯನವರ ಮಗಳು, 2021ರಿಂದ ಸುಪ್ರೀಂ ಕೋರ್ಟಿನಲ್ಲಿದ್ದಾರೆ. ಮರುವರ್ಷ ಶಾಲೆಯೇ ತನ್ನದೇ ಯೋಜನೆಯಲ್ಲಿ ಆ 25ನ್ನು ತಂದುಕೊಂಡಿತು. ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಹತ್ತು ವರ್ಷ ಓದಿರಬೇಕು ಎಂಬುದು ನಿಯಮ.

ಮೀಸಲು ಬಂದದ್ದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಆ ಹತ್ತು ವರ್ಷ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ಓದಿ. ಎಲ್ಲಿ, ಯಾವ ಮಾಧ್ಯಮದಲ್ಲಿ ಎಂದು ಅದು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷ್ ಶಾಲೆ, ಹೈಸ್ಕೂಲಿನಿಂದಲೇ ಕೋಚಿಂಗ್, ಮನೆಯಲ್ಲಿ ಎರಡು ಇಂಗ್ಲಿಷ್ ಪತ್ರಿಕೆ ಇರುವ ಮಗುವೂ ಕರ್ನಾಟಕದ ವಿದ್ಯಾರ್ಥಿ. ಹೊಳಲಿನಲ್ಲೋ ಮೈಲಾರದಲ್ಲೋ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಮಗುವೂ ಕರ್ನಾಟಕದ ವಿದ್ಯಾರ್ಥಿ. ಎರಡೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಬಾಗಿಲ ಮೇಲೆ ನಮ್ಮ ಹೆಸರು ಬರೆದರು. ಒಳಗೆ ಹೋಗುವವರು ಹೆಚ್ಚಾಗಿ ಅವರೇ. ಗ್ರಾಮೀಣ ಕನ್ನಡ ಮಾಧ್ಯಮ ಎಂಬ ಗೆರೆಯನ್ನು ನೌಕರಿಯ ನೇಮಕಾತಿಯಲ್ಲಿ ಎಳೆಯಲು ಬಂದ ನಾಡಿಗೆ ಇಲ್ಲಿ ಎಳೆಯಲು ಯಾಕೆ ಬರಲಿಲ್ಲ? ಶಂನಾದ್ ಬಷೀರ್ ಎಂಬ ಅಧ್ಯಾಪಕರು ಇದೇ ಬೆಂಗಳೂರಿನ ಶಾಲೆಯಲ್ಲಿ ಓದಿದವರು. 2010ರಲ್ಲಿ ಅವರು ಇಡಿಯಾ ಎಂಬ ಸಂಸ್ಥೆ ಕಟ್ಟಿ, ಬಡ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತಯಾರು ಮಾಡಲು ಹೊರಟರು. ಅವರು 2019ರಲ್ಲಿ ತೀರಿಕೊಂಡರು. ಒಬ್ಬ ಮೇಷ್ಟ್ರಿಗೆ ಕಂಡ ಗೆರೆ ನಿಯಮ ಬರೆಯುವವರಿಗೆ ಕಾಣಲಿಲ್ಲ.

ಆ ಹುಡುಗಿಯ ವಿಷಯ ಹೇಳಬೇಕು. ಅವರ ಹೊಲದಲ್ಲಿ ಎರಡು ಎಕರೆ ಕಾಲುವೆಗೆ ಹೋಗಿದೆ. ಪರಿಹಾರ ಸಾಲದೆಂದು ಹಾಕಿದ ಕೇಸು ಅವಳು ನನ್ನ ಹತ್ತಿರ ಐದನೆಯ ಇಯತ್ತೆಯಲ್ಲಿದ್ದಾಗಿನಿಂದ ನಡೆದಿದೆ. ಕಾಗದದ ಕಟ್ಟನ್ನು ಓದಿ ಓದಿಯೇ ಅವಳಿಗೆ ವಕೀಲೆಯಾಗುವ ಮನಸ್ಸಾಗಿದ್ದು. ಸೋದರಮಾವ ಹೈದರಾಬಾದಿನಲ್ಲಿ ಮೇಸ್ತ್ರಿ; ಅಲ್ಲಿಗೇ ಬರಲಿ ಎನ್ನುತ್ತಾನೆ. ‘ಅಕ್ಕೋರೆ, ಎರಡ್ರಾಗ ಯಾವ್ದು ಮೊದ್ಲ ಬರೀಲಿ?’ ಎಂದು ಕೇಳಿದಳು.

ನಾನು ಪಕ್ಷಪಾತಿಯಾಗಿಯೇ ಹೇಳಿದೆ: ಬೆಂಗಳೂರು. ರ‍್ಯಾಂಕ್ ಪಟ್ಟಿ ನೋಡಿ ಹೇಳಿದ್ದಲ್ಲ. ಹತ್ತು ವರ್ಷದ ಮೀಸಲು ಅವಳಿಗೆ ಸಿಗುವುದು ಅಲ್ಲಿ. ನಲ್ಸಾರಿನಲ್ಲಿರುವ ಸ್ಥಳೀಯರ ಸೀಟು ತೆಲಂಗಾಣದವರಿಗೆ. ಮುಂದೆ ಇಲ್ಲೇ ವಕೀಲಿ ಮಾಡುವುದಾದರೆ ನಮ್ಮ ನಾಡಿನ ಭೂಮಿಯ ಕಾಯಿದೆ, ನಮ್ಮ ಪಹಣಿಯ ಭಾಷೆ ತಿಳಿದವರ ನಡುವೆ ಇರುವುದು ಮೇಲು. ಖರ್ಚು ಎರಡೂ ಕಡೆ ವರ್ಷಕ್ಕೆ ಲಕ್ಷಗಳಲ್ಲೇ. ವಿದ್ಯಾರ್ಥಿವೇತನ ಕೈಗೆ ಬರುವುದು ಖಚಿತವಾಗದೆ ಎರಡೂ ಬೇಡ ಎಂದೂ ಹೇಳಿದೆ. ಇಷ್ಟು ಹೇಳಿ ಮೂರನೆಯ ಹೆಸರೊಂದನ್ನು ಬರೆಸಿದೆ. ಅದು ಆ ಪಟ್ಟಿಯಲ್ಲಿ ಬರುವುದಿಲ್ಲ, ಬೇರೆಯೇ ಅರ್ಜಿ: ಹುಬ್ಬಳ್ಳಿ ನವನಗರದಲ್ಲಿ 2009ರಲ್ಲಿ ಆದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾನೂನು ಶಾಲೆ. ಗದಗಿನ ಮೇಲೆ ಹೋದರೆ ಅರ್ಧ ದಿನದ ದಾರಿ. ಪಕ್ಕದ ಧಾರವಾಡದಲ್ಲಿ 2008ರಿಂದ ಹೈಕೋರ್ಟಿನ ಪೀಠವಿದೆ, 2013ರಿಂದ ಅದು ಕಾಯಂ. ನಮ್ಮ ಕಡೆಯ ಅಪೀಲುಗಳು ಹೋಗುವುದು ಅಲ್ಲಿಗೇ. ಈ ಶಾಲೆಯ ಹೆಸರು ಹೇಳಿದರೆ ದೊಡ್ಡ ಊರಿನವರು ಹುಬ್ಬೇರಿಸುವುದಿಲ್ಲ ಎಂಬುದು ನಿಜ. ಅದೂ ಆಗದಿದ್ದರೆ ಹಡಗಲಿಯಲ್ಲಿ ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಹೋಗಬಹುದು. 2022ರಿಂದ ಬೆಂಗಳೂರಿನ ಶಾಲೆಯಲ್ಲೇ ಆ ಕೋರ್ಸೂ ಇದೆ. ಅಷ್ಟರಲ್ಲಿ ಇಂಗ್ಲಿಷಿಗೆ ಮೂರು ವರ್ಷ ಸಿಗುತ್ತದೆ.

ಅವರಪ್ಪ ಸುಮ್ಮನೆ ಕೇಳುತ್ತಾ ಕೂತಿದ್ದವನು ಕಡೆಗೆ, ‘ಅಕ್ಕಾರ, ಐದು ವರ್ಷ ಅಂದ್ರ ಬಂದು ನಮ್ಮ ಕೇಸು ತಾನ ನಡಸ್ತಾಳೇನ್ರಿ?’ ಎಂದ.

‘ಅಪ್ಪ, ಅಷ್ಟರಾಗ ಅದು ಮುಗೀಬೇಕು’ ಎಂದಳು ಹುಡುಗಿ. ಅವನು ನನ್ನ ಮುಖ ನೋಡಿದ. ನಾನು ಅರ್ಜಿಯಲ್ಲಿ ಅವಳ ಹೆಸರಿನ ಕಾಗುಣಿತ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ಎಂದು ಇನ್ನೊಮ್ಮೆ ನೋಡತೊಡಗಿದೆ.