ಹಾಸನ ಸೀಮೆಯ ಗದ್ಯದಲ್ಲಿ ಹೊಸತು ಮತ್ತು ವಾಡಿಕೆ

ಹಿಂದೆ ಕಂಡ ಅರ್ಥಗಳೇ ಆದರೂ ರಸಸಂಬಂಧವನ್ನು ಪಡೆದೊಡನೆ ವಸಂತಮಾಸದ ವೃಕ್ಷಗಳಂತೆ ಹೊಸವಾಗಿ ತೋರುವುವೆಂದು ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಹೇಳಿರುವನು. ಪರಿಚಿತವಾದುದು ನೂತನವಾಗುವ ಬಗೆಯಿದು. ಎಂದೂ ಕಾಣದುದು ವಾಚಕನಿಗೆ ತನ್ನದಾಗುವುದು ಹೇಗೆಂಬುದಕ್ಕೆ ಈ ಉಪಮಾನದಿಂದ ಉತ್ತರ ದೊರೆಯದು. ಕಡಲು ದಾಟಿದ ನಮ್ಮ ಗದ್ಯಕಾರರಿಗಾದರೋ ಎರಡೂ ವಿದ್ಯೆಗಳು ಬೇಕಾದುವು. ಹಾಸನ ಸೀಮೆಯ ಮೂವರಲ್ಲಿ ಇವು ಕೂಡಿದ ಬಗೆಯನ್ನು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದೆ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ (1904–1991) 'ಹಳ್ಳಿಯ ಚಿತ್ರಗಳು' 1930ರಲ್ಲಿ ಹೊರಬಂದಿತು. ಊರನ್ನು ಬಿಟ್ಟು ಕದಲದವನ ಬರಹವೆಂದೇ ಇದನ್ನು ಕೊಂಡಾಡುವುದು ರೂಢಿ. ಈ ರೂಢಿಯು ಸಾಧುವಲ್ಲ. ಅಸಹಕಾರದ ಕರೆಗೆ ಓಗೊಟ್ಟು ಓದನ್ನು ತೊರೆದ ಗೊರೂರರು ಅಷ್ಟರಲ್ಲಿ ಗುಜರಾತ್ ವಿದ್ಯಾಪೀಠವನ್ನು ಕಂಡು ಬಂದಿದ್ದರು. ಹೇಮಾವತಿಯ ದಡದಲ್ಲಿಯೇ ಹುಟ್ಟಿ ಬೆಳೆದವನಿಗೆ ಹೊಳೆಯೆಂಬುದು ಮೀಯುವ, ನೀರು ತರುವ ಜಾಗ. ಅದು ಚಿತ್ರವಾಗಬೇಕಾದರೆ ಒಮ್ಮೆ ಕಣ್ಮರೆಯಾಗಬೇಕು. ಆ ಪ್ರಬಂಧಗಳ ಹಾಸ್ಯದಲ್ಲಿ ಕಹಿಯಿಲ್ಲದಿರುವುದಕ್ಕೆ ಲೇಖಕರ ಸ್ವಭಾವದೊಡನೆ ಈ ಅಗಲಿಕೆಯೂ ಕಾರಣವೆಂದು ನನ್ನ ಮತ. ಇಳಿವಯಸ್ಸಿನಲ್ಲಿ ಅವರು ಬರೆದ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಹೆಸರಿನಲ್ಲಿಯೇ ಶ್ಲೇಷೆಯುಂಟು: ಹೋದವನು ಗೊರೂರೆಂಬ ವ್ಯಕ್ತಿಯೋ, ಗೊರೂರೆಂಬ ಗ್ರಾಮವೋ? ಅದೇ ಹೊಳೆಯ ಕೆಳಗೆ, ಹೊಳೆನರಸೀಪುರವನ್ನು ದಾಟಿದ ಮೇಲೆ ಸಿಕ್ಕುವ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು ತಮ್ಮ ಪ್ರವಾಸಗ್ರಂಥಕ್ಕೆ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಎಂದು ಹೆಸರಿಟ್ಟರು. ಅಲ್ಲಿ ಯಾತ್ರಿಕನನ್ನು ಗುರುತಿಸುವುದು ವಯಸ್ಸು, ಇಲ್ಲಿ ಊರು. ಊರನ್ನು ಅಳತೆಗೋಲಾಗಿ ಹಿಡಿದು ಹೊರಟವನಿಗೆ ದಾರಿ ತಪ್ಪುವ ಭಯವಿಲ್ಲ. ಆದರೆ ಕಂಡುದೆಲ್ಲ ಊರಿನ ಯಾವುದೋ ಒಂದರಂತೆ ಇದೆಯೆಂದು ತೀರ್ಮಾನವಾದೊಡನೆ ನೋಡುವ ಕೆಲಸ ನಿಂತುಹೋಗುವ ಅಪಾಯವುಂಟು. ಈ ಕಾರಣದಿಂದ, ಪ್ರಶಸ್ತಿಯ ಗೌರವ ಹಾಗಿರಲಿ, ಮೊದಲ ಪುಸ್ತಕದ ತೂಕವೇ ಹೆಚ್ಚೆಂದು ನನಗೆ ತೋರುವುದು. ಅಳತೆಗೋಲಾದರೂ ಇದ್ದಂತೆಯೇ ಉಳಿಯಿತೇ? 1979ರಲ್ಲಿ ಗೊರೂರಿನ ಬಳಿ ಅಣೆಕಟ್ಟು ಪೂರ್ಣವಾಗಿ, ಹೊಳೆಯ ರೂಪವೇ ಬದಲಾಯಿತು.

ಊರು ಅಂಕಿತದಲ್ಲಿದ್ದ ಮಾತ್ರಕ್ಕೆ ಬರಹದಲ್ಲಿಯೂ ಇರಬೇಕೆಂದೇನೂ ಇಲ್ಲ. ಅ. ನ. ಕೃ. ಎಂಬಲ್ಲಿಯ 'ಅ' ಅರಕಲಗೂಡು; ಅವರು ಹುಟ್ಟಿದುದು ಕೋಲಾರದಲ್ಲಿ, ಅವರ ವಿಖ್ಯಾತ ಕಾದಂಬರಿಗಳು ತೆರೆದುದು ಗಾಯಕರ, ನಟರ ಲೋಕವನ್ನು.

ಹಾಸನದಲ್ಲಿ 1908ರಲ್ಲಿ ಜನಿಸಿದ ರಾಜಾರಾಯರ ಸಂಗತಿ ಹೆಚ್ಚು ತೊಡಕಿನದು. 1929ರಲ್ಲಿ ಫ್ರಾನ್ಸಿಗೆ ಹೋದ ಅವರು ಮೊದಲು ಕನ್ನಡದಲ್ಲಿಯೇ ಬರೆದು 'ಜಯಕರ್ನಾಟಕ'ದಲ್ಲಿ ಪ್ರಕಟಿಸಿದರು. ತಮ್ಮ ಸೀಮೆಯ ಹಳ್ಳಿಯನ್ನು ಕುರಿತ 'ಕಾಂತಾಪುರ'ಕ್ಕೆ (1938) ಮಾತ್ರ ಇಂಗ್ಲಿಷನ್ನು ಆಯ್ದರು. ಇದು ನಷ್ಟವೆಂದು ಕನ್ನಡಿಗರು ಕೊರಗುವುದು ಸಹಜ. ಆದರೂ ಆ ಕೃತಿಯಲ್ಲಿ ನಮಗೆ ಕಲಿಯಬೇಕಾದುದೊಂದಿದೆ. ಅಲ್ಲಿ ಹೊಸ ಸಂಗತಿ ಗಾಂಧೀಜಿ. ಅವರ ಸಂದೇಶವು ಹಳ್ಳಿಗೆ ಬರುವುದು ಜಯರಾಮಾಚಾರ್ಯನ ಹರಿಕಥೆಯೊಳಗೆ. ಗಾಂಧೀಜಿಯ ಹುಟ್ಟು ಅವತಾರಕಥೆಯಂತೆ ಹೇಳಲ್ಪಡುವುದು. ಕೆಂಚಮ್ಮನಿಗೆ ಕೈಮುಗಿಯುವ ಜನಕ್ಕೆ ಬೇರೆ ದಾರಿಯಿಂದ ಅದು ತಲುಪುತ್ತಿರಲಿಲ್ಲ. ಕಥೆಯನ್ನು ನಿರೂಪಿಸುವವಳು ಅಚ್ಚಕ್ಕನೆಂಬ ಮುದುಕಿ; ಅವಳ ಉಸಿರಿಗೆ ಇಂಗ್ಲಿಷ್ ವಾಕ್ಯವು ಉದ್ದುದ್ದವಾಗಿ ಬಾಗಿದೆ. ವಾಡಿಕೆಯ ರೂಪವು ಹೊಸ ಅರ್ಥವನ್ನು ಒಳಗೆ ಕರೆದುಕೊಂಡ ಇಂತಹ ನಿದರ್ಶನ ವಿರಳ. ಹಾಗೆಂದು ಬೆಲೆ ತೆರದೆ ಇದು ನಡೆದುದಿಲ್ಲ: ಕೊನೆಗೆ ಹಳ್ಳಿಯೇ ಬರಿದಾಗಿ, ಬದುಕುಳಿದ ಹೆಂಗಸರು ಬೇರೆ ಊರನ್ನು ಸೇರುವರು. ಹರಿಕಥೆ ಗೆದ್ದಿತು, ಅದನ್ನು ಕೇಳಿದ ಜಗುಲಿಗಳು ಉಳಿಯಲಿಲ್ಲ. ಇದನ್ನು ಬಿಟ್ಟು 'ಸಮನ್ವಯ'ವೆಂದು ಹಾಡಿಹೊಗಳುವ ವಿಮರ್ಶೆಯು ಕೃತಿಯ ಅರ್ಧವನ್ನೇ ಓದಿದಂತೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರು 'ತಬ್ಬಲಿಯು ನೀನಾದೆ ಮಗನೆ' (1968) ಕಾದಂಬರಿಯಲ್ಲಿ ಗೊರೂರರ ಪ್ರಯಾಣವನ್ನು ತಿರುಗುಮುರುಗು ಮಾಡಿರುವರು. ಇಲ್ಲಿ ಅಮೆರಿಕವೇ ಹಳ್ಳಿಗೆ ಬರುವುದು. ಅಲ್ಲಿ ಕೃಷಿವಿದ್ಯೆಯನ್ನು ಕಲಿತ ಕಾಳಿಂಗನು ಹಿಲ್ಡಾಳೆಂಬ ಹೆಂಡತಿಯೊಡನೆ ಮರಳುವನು. ಮನೆತನದವರು ಪುಣ್ಯಕೋಟಿಯ ವಂಶದ್ದೆಂದು ನಂಬಿದ ಹಸುವನ್ನು ಅವಳು ಆಹಾರಕ್ಕಾಗಿ ಕೊಲ್ಲಿಸುವಳು. ಹರಿಕಥೆಯಂತಹ ಸೇತುವೆ ಇಲ್ಲಿ ಯಾರಿಗೂ ದೊರೆತಿಲ್ಲ. ಗೋವಿನ ಹಾಡು ಹಳ್ಳಿಗರಿಗೆ ಗೊತ್ತು, ಹಿಲ್ಡಾಳಿಗೆ ಗೊತ್ತಿಲ್ಲ. ಗೊತ್ತಿದ್ದ ಕಾಳಿಂಗನು ಹೇಳಿಕೊಡಲಿಲ್ಲ. ದೋಷವೆಲ್ಲ ಪರದೇಶದವಳದೆಂದು ಓದುವವರು ಈ ಮೌನವನ್ನು ಗಮನಿಸುವುದಿಲ್ಲ. ಲೇಖಕರು ಅವಳನ್ನು ಬರಿಯ ಖಳನಾಯಕಿಯಾಗಿ ಮಾಡದೆ, ಅವಳ ವಾದಕ್ಕೆ ತರ್ಕದ ಬಲವನ್ನೇ ಕೊಟ್ಟಿರುವುದು ಶ್ಲಾಘ್ಯ. ಆದರೆ ತಕ್ಕಡಿಯು ಸಮವಾಗಿ ನಿಲ್ಲುವುದಿಲ್ಲ. ಒಂದು ಕಡೆಗೆ ಅವಳ ಮಾತುಗಳು, ಇನ್ನೊಂದು ಕಡೆಗೆ ಮಾತೇ ಬಾರದ ಅತ್ತೆ. ವಾದಿಸದವಳನ್ನು ಸೋಲಿಸುವುದು ಯಾರಿಂದಲೂ ಆಗದು. ಇದು ಕಥನಕೌಶಲವೋ, ಚರ್ಚೆಯನ್ನು ತಪ್ಪಿಸಿಕೊಂಡ ಉಪಾಯವೋ ಎಂದು ನಾನು ಬಹಳ ಯೋಚಿಸಿದ್ದೇನೆ. ಹಿಲ್ಡಾಳ ಪ್ರಶ್ನೆಗಳಿಗೆ ಕಾದಂಬರಿಯು ಮರುಕದಿಂದ ಉತ್ತರ ಕೊಟ್ಟಿರುವಷ್ಟು ಯುಕ್ತಿಯಿಂದ ಕೊಟ್ಟಿಲ್ಲವೆಂದೇ ನನಗೆ ಕಾಣುವುದು.