ಸಣ್ಣ ಬಲ್ಬಿನ ಪರವಾಗಿ

ಕಾವುಪೆಟ್ಟಿಗೆ ಕಟ್ಟಲು ಹೊರಟವರು ಮೊದಲು ಕೇಳುವುದು ಯಾವ ಥರ್ಮೋಸ್ಟಾಟ್ ತರಲಿ ಎಂದು. ಈ ವಾರ ತಿಪಟೂರು ಕಡೆಯ ಓದುಗರೊಬ್ಬರೂ ಅದನ್ನೇ ಕೇಳಿದ್ದಾರೆ. ಥರ್ಮಾಕೋಲ್ ಪೆಟ್ಟಿಗೆ ಸಿದ್ಧವಾಗಿದೆಯಂತೆ, ನೂರು ವಾಟಿನ ಬಲ್ಬೂ ಕೂತಿದೆಯಂತೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕಂಟ್ರೋಲರ್ ತರುವುದೊಂದೇ ಬಾಕಿ. ಹೋಗಿ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಬಸ್ ಹತ್ತುವ ಮೊದಲು ಆ ನೂರು ವಾಟಿನ ಬಲ್ಬನ್ನು ಬಿಚ್ಚಿಡಿ.

ಲೆಕ್ಕ ಕಷ್ಟದ್ದಲ್ಲ. ನಲವತ್ತು ಐವತ್ತು ನಾಟಿ ಮೊಟ್ಟೆ ಹಿಡಿಸುವ, ಒಂದಂಗುಲ ದಪ್ಪದ ಥರ್ಮಾಕೋಲ್ ಪೆಟ್ಟಿಗೆಯ ಆರೂ ಮೈ ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ಕೋಣೆಯಲ್ಲಿ 22 ಡಿಗ್ರಿ ಸೆಲ್ಸಿಯಸ್ ಇದ್ದು ಒಳಗೆ 37.5 ಬೇಕೆಂದರೆ, ಮೈಯಿಂದ ಸೋರುವ ಶಾಖ ಮತ್ತು ಗಾಳಿತೂತುಗಳಲ್ಲಿ ಹೋಗುವ ಶಾಖ ಎರಡೂ ಸೇರಿ ಇಪ್ಪತ್ತು, ಇಪ್ಪತ್ತೈದು ವಾಟ್ ಆದೀತು. ಅಷ್ಟು ಕೇಳುವ ಪೆಟ್ಟಿಗೆಗೆ ನೂರು ವಾಟ್ ಹಾಕುವುದೆಂದರೆ ಒಲೆಗೆ ಒಂದು ಹೊರೆ ಸೌದೆ ತುರುಕಿ, ಆಮೇಲೆ ನೀರು ಚಿಮುಕಿಸುತ್ತ ಕೂತ ಹಾಗೆ. ಚಿಮುಕಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ಸೌದೆ ಕಡಿಮೆಯಾಗುವುದಿಲ್ಲ.

ಒಳಗೆ ಆಗುವುದನ್ನು ನೋಡಿ. ಸೆನ್ಸರ್ 37.8 ಎಂದಾಗ ಕಂಟ್ರೋಲರಿನ ರಿಲೇ ಎಂಬ ಸ್ವಿಚ್ಚು ಟಕ್ ಎಂದು ಬಲ್ಬ್ ಆರಿಸುತ್ತದೆ. ಆದರೆ ಸೆನ್ಸರ್ ಹೇಳಿದ್ದು ಅರ್ಧ ನಿಮಿಷದ ಹಿಂದಿನ ಸುದ್ದಿ, ಅದರ ತಲೆಗೂ ಒಂದು ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ. ಅಷ್ಟರಲ್ಲಿ ಗಾಳಿ ಮುಂದೆ ಹೋಗಿರುತ್ತದೆ. ಆರಿದ ಬಲ್ಬಿನ ಬುರುಡೆಯೂ ಸುಮ್ಮನಿರದೆ ಇನ್ನಷ್ಟು ಶಾಖ ಬಿಡುತ್ತದೆ. ಕಂಟ್ರೋಲರಿನ ಮುಖದ ಕೆಂಪು ಅಂಕಿ 38.5 ದಾಟಿ, 39 ಮುಟ್ಟಿ, ನಿಧಾನವಾಗಿ ಕೆಳಗಿಳಿಯುತ್ತದೆ. ಮತ್ತೆ ಟಕ್. ಬಲ್ಬ್ ದೊಡ್ಡದಾದಷ್ಟೂ ಈ ಏರಿಳಿತ ದೊಡ್ಡದು. ಮೊಟ್ಟೆಗೆ ಐವತ್ತು ಗ್ರಾಂ ತೂಕವಿದೆ, ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ, ಚಿಕ್ಕ ಏರಿಳಿತ ಅದಕ್ಕೆ ತಟ್ಟುವುದಿಲ್ಲ ಎಂದು ವಾದಿಸುವವರಿದ್ದಾರೆ. ನಿಜವೇ. ಮೊಟ್ಟೆ ಉಣ್ಣುವುದು ಸರಾಸರಿಯನ್ನು. ತೊಂದರೆ ಏನೆಂದರೆ, ಏರಿಕೆ ಒಂದು ಕಡೆಗೇ ವಾಲಿರುವಾಗ ಸರಾಸರಿ ನೀವು ಹೇಳಿದಲ್ಲಿ ನಿಲ್ಲುವುದಿಲ್ಲ. ತಣ್ಣನೆಯ ರಾತ್ರಿ ಒಂದು ಸರಾಸರಿ, ಮಧ್ಯಾಹ್ನ ಇನ್ನೊಂದು. ಅಂಕಿ ಮಾತ್ರ 37.8ರ ಸುತ್ತಲೇ ಕುಣಿಯುತ್ತಿರುತ್ತದೆ.

ಅರ್ಧ ಡಿಗ್ರಿ ಹೆಚ್ಚಾದರೆ ಏನಂತೆ ಅನ್ನಬೇಡಿ. ಇಪ್ಪತ್ತೊಂದನೆಯ ದಿನ ಏಳಬೇಕಾದ ಮರಿ ಹತ್ತೊಂಬತ್ತು, ಇಪ್ಪತ್ತಕ್ಕೇ ಎದ್ದುಬಿಡುತ್ತದೆ. ಹೊಕ್ಕುಳು ಮುಚ್ಚಿರುವುದಿಲ್ಲ, ಕೆಲವಕ್ಕೆ ಕಾಲ್ಬೆರಳು ಸೊಟ್ಟ. ಕಾವು ಕಡಿಮೆಯಾದರೆ ದಿನ ಮುಂದಕ್ಕೆ ಹೋಗಿ, ಹೊಟ್ಟೆ ಉಬ್ಬಿದ ಸೋಮಾರಿ ಮರಿಗಳು. ಎರಡರಲ್ಲಿ ಹೆಚ್ಚಿನ ಕಾವೇ ಕೆಟ್ಟದ್ದು. ಹೇಟೆಕೋಳಿ ದಿನಕ್ಕೊಮ್ಮೆ ಎದ್ದು ಮೇವು, ನೀರು ಮುಗಿಸಿ ಬರುವಾಗ ಮೊಟ್ಟೆ ತುಸು ತಣಿಯುತ್ತದೆ, ಅದರಿಂದ ಏನೂ ಆಗುವುದಿಲ್ಲ. ಆದರೆ 40ರ ಮೇಲೆ ಕೆಲವು ಗಂಟೆ ನಿಂತರೆ ಮರಿ ಉಳಿಯುವುದು ಕಷ್ಟ.

ದೀಪದಿಂದ ಕಾವು ಕೊಡುವ ವಿದ್ಯೆ ವಿದ್ಯುತ್ತಿಗಿಂತ ಹಳೆಯದು. ಆ ಹಳೆಯ ಯಂತ್ರಗಳನ್ನು ನೋಡಿದಾಗೆಲ್ಲ ನಮ್ಮ ಟಕ್ ಟಕ್ ಪೆಟ್ಟಿಗೆಗಳ ಬಗ್ಗೆ ನನಗೆ ನಾಚಿಕೆಯಾಗುತ್ತದೆ. ಹಾಲೆಂಡಿನ ಆಲ್ಕ್‌ಮಾರಿನಲ್ಲಿ ಹುಟ್ಟಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್‌ನ ಆಶ್ರಯದಲ್ಲಿದ್ದ ಕಾರ್ನೆಲಿಸ್ ಡ್ರೆಬೆಲ್, ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲೇ ತನ್ನಷ್ಟಕ್ಕೆ ಕಾವು ಹಿಡಿದಿಡುವ ಪೆಟ್ಟಿಗೆ ಮಾಡಿದ್ದ. ಗಾಜಿನ ನಳಿಗೆಯಲ್ಲಿ ಮದ್ಯಸಾರ, ಅದರ ಮುಂದೆ ಪಾದರಸ. ಕಾವೇರಿದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತದೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಬೆಂಕಿಯ ಗಾಳಿದಾರಿಯನ್ನು ಮುಚ್ಚುತ್ತದೆ. ತಂತಿಯಿಲ್ಲ, ಕರೆಂಟಿಲ್ಲ. ಅದೇ ಕಾಲಕ್ಕೆ ಈಜಿಪ್ಟಿನ ಕಾವುಗೂಡುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಗಳನ್ನು ಬರಿಯ ಅನುಭವದಿಂದಲೇ ಮರಿ ಮಾಡಿಸುತ್ತಿದ್ದರು. ಅವರ ಥರ್ಮಾಮೀಟರ್ ಕಣ್ಣಿನ ರೆಪ್ಪೆ: ಮೊಟ್ಟೆಯನ್ನು ರೆಪ್ಪೆಗೆ ತಾಗಿಸಿ ಕಾವು ಅಳೆಯುವುದು. ಫ್ರಾನ್ಸಿನ ರೆಯೊಮ್ಯೂರ್ ಆ ಗೂಡುಗಳ ಬಗ್ಗೆ ತಿಳಿದುಕೊಂಡು, ತಾನೂ ಕೊಳೆಯುವ ಗೊಬ್ಬರದ ಶಾಖದಲ್ಲಿ ಪೀಪಾಯಿ ಹೂತು ಪ್ರಯೋಗ ನಡೆಸಿ, 1749ರಲ್ಲಿ ಎರಡು ಸಂಪುಟಗಳ ಪುಸ್ತಕ ಬರೆದ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1881ರಲ್ಲಿ ಲಂಡನ್ನಿನ ಚಾರ್ಲ್ಸ್ ಹರ್ಸನ್ ತಂದ ಸೀಮೆಎಣ್ಣೆ ದೀಪದ ಪೆಟ್ಟಿಗೆ. ತೆಳುವಾದ ಎರಡು ಹಿತ್ತಾಳೆ ತಗಡುಗಳ ನಡುವೆ ಕೆಲವೇ ಹನಿ ದ್ರವ ಬಿಟ್ಟು ಸುತ್ತ ಬೆಸುಗೆ ಹಾಕಿದ ಒಂದು ಬಿಲ್ಲೆ. ಮೊಟ್ಟೆಗೆ ಬೇಕಾದ ಕಾವಿನಲ್ಲೇ ಆ ದ್ರವ ಕುದಿಯುತ್ತದೆ. ಕುದಿದಾಗ ಬಿಲ್ಲೆ ಉಬ್ಬುತ್ತದೆ, ಅದರ ಮೇಲೆ ನಿಂತ ಸೂಜಿಯಂಥ ಕಡ್ಡಿ ಏರುತ್ತದೆ, ಕಡ್ಡಿ ಒಂದು ಸನ್ನೆಕೋಲನ್ನು ಎತ್ತುತ್ತದೆ, ಸನ್ನೆಕೋಲಿನ ತುದಿಯ ಮುಚ್ಚಳ ದೀಪದ ಚಿಮಣಿಯಿಂದ ಮೇಲೇಳುತ್ತದೆ. ಪೆಟ್ಟಿಗೆಗೆ ಕಾವು ಕೊಡುವ ನೀರಿನ ತೊಟ್ಟಿಯೊಳಗೆ ಸುತ್ತಿ ಹೋಗಬೇಕಿದ್ದ ಬಿಸಿಗಾಳಿ ನೇರವಾಗಿ ಹೊರಗೆ ಹೋಗುತ್ತದೆ. ಸನ್ನೆಕೋಲಿನ ಮೇಲೆ ಜರುಗಿಸುವ ಒಂದು ಪುಟ್ಟ ತೂಕ, ಸೂಕ್ಷ್ಮ ಹೊಂದಾಣಿಕೆಗೆ. ದೀಪ ಒಮ್ಮೆಯೂ ಆರುವುದಿಲ್ಲ. ಮುಚ್ಚಳ ಕೂದಲೆಳೆಯಷ್ಟು ಏಳುತ್ತದೆ, ಇಳಿಯುತ್ತದೆ. ಎಷ್ಟು ಬೇಕೋ ಅಷ್ಟು. ಗಾಳಿಯ ಒತ್ತಡ ಬದಲಾದರೆ ದ್ರವ ಕುದಿಯುವ ಬಿಂದುವೂ ಜರುಗುತ್ತದೆ ಎಂಬ ಒಂದು ಕೊರತೆ ಅದಕ್ಕಿತ್ತು. ಸಮುದ್ರಮಟ್ಟಕ್ಕೆ ಹೊಂದಿಸಿದ್ದನ್ನು ಬೆಂಗಳೂರಿನ ಎತ್ತರಕ್ಕೆ ತಂದರೆ ಆ ತೂಕವನ್ನು ಮತ್ತೆ ಜರುಗಿಸಲೇಬೇಕು. ಆದರೂ ಇಂದಿನ ರಿಲೇ ಹಲಗೆಗಿಂತ ಅದರ ನಡೆ ನಯವಾದದ್ದು. ನಮ್ಮದು ಪೂರ್ತಿ ಉರಿ, ಇಲ್ಲವೇ ಪೂರ್ತಿ ಕತ್ತಲೆ. ನಡುವೆ ಏನೂ ಇಲ್ಲ.

ಆ ನಡುವಿನ ಹದವನ್ನು ನಮ್ಮ ಬಲ್ಬಿಗೂ ತರಬಹುದು. ಫ್ಯಾನ್ ರೆಗ್ಯುಲೇಟರಿನಲ್ಲಿರುವ ಟ್ರಯಾಕ್ ಬಳಸಿ, ಕಾವು ಹತ್ತಿರ ಬಂದಂತೆ ಬಲ್ಬನ್ನು ಮಂಕು ಮಾಡುತ್ತ ಹೋಗುವ ಕಂಟ್ರೋಲರುಗಳಿವೆ. ಕೈಗೆ ಎಟಕುವುದಾದರೆ ಅದೇ ಉತ್ತಮ. ಕತ್ತಲ ಕೋಣೆಯಲ್ಲಿ ಅದರ ಕಿಟಕಿಯ ಕೆಂಬೆಳಕು ಏರುತ್ತ ಇಳಿಯುತ್ತ ಇರುವುದನ್ನು ನೋಡುವುದೂ ಒಂದು ಸುಖ. ಅದು ಬೇಡವೆನ್ನುವವರು ರಿಲೇ ಹಲಗೆಗೇ ಸಣ್ಣ ಬಲ್ಬ್ ಜೋಡಿಸಲಿ: ನೂರರ ಒಂದರ ಬದಲು ಹದಿನೈದರ ಎರಡು, ಬೇರೆ ಬೇರೆ ಹೋಲ್ಡರಿನಲ್ಲಿ. ಬೇಸಿಗೆಯಲ್ಲಿ ಒಂದನ್ನು ಬಿಚ್ಚಿಡಬಹುದು. ಒಂದು ಸುಟ್ಟುಹೋದರೆ ಇನ್ನೊಂದು ಇದ್ದೇ ಇದೆ. ತೀರಾ ಬಿಗಿ ಲೆಕ್ಕವೂ ಬೇಡ. ಊರಿನ ಕರೆಂಟು ಸಂಜೆ 180 ವೋಲ್ಟಿಗೆ ಇಳಿದಾಗ ಅರವತ್ತು ವಾಟಿನ ಬಲ್ಬ್ ನಲವತ್ತರಷ್ಟೇ ಶಾಖ ಕೊಡುತ್ತದೆ. ಬೇಕಾದದ್ದರ ಒಂದೂವರೆ ಪಟ್ಟು ಇಟ್ಟುಕೊಂಡರೆ ಆಯಿತು.

ಸಣ್ಣ ಬಲ್ಬಿನ ಪರವಾಗಿ ನನ್ನ ದೊಡ್ಡ ವಾದ ಇನ್ನೂ ಒಂದಿದೆ. ತಂತಿಯ ಬಲ್ಬ್ ತಣ್ಣಗಿರುವಾಗ ಅದರ ರೋಧ ಬಹಳ ಕಡಿಮೆ, ಹೊತ್ತಿಕೊಳ್ಳುವ ಕ್ಷಣದಲ್ಲಿ ಹತ್ತು ಪಟ್ಟಿಗೂ ಮೀರಿದ ಕರೆಂಟು ಎಳೆಯುತ್ತದೆ. ರಿಲೇಯ ಪುಟ್ಟ ಬೆಳ್ಳಿಯ ಚುಕ್ಕೆಗಳು ಆ ಕಿಡಿಗೆ ಕರಗಿ ಒಂದು ದಿನ ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಅಂಕಿ ಏನೇ ಹೇಳಲಿ, ಬಲ್ಬ್ ಆರುವುದಿಲ್ಲ. ನೂರು ವಾಟ್ ಇದ್ದರೆ ಬೆಳಗಾಗುವ ಹೊತ್ತಿಗೆ ಮೊಟ್ಟೆ ಬೆಂದಿರುತ್ತವೆ. ಮೂವತ್ತಿದ್ದರೆ ಕಾವು ನಿಧಾನವಾಗಿ ಏರುತ್ತದೆ, ನಿಮಗೆ ಎದ್ದು ನೋಡಲು ಸಮಯ ಸಿಗುತ್ತದೆ. ಜೊತೆಗೆ ಇನ್ನೊಂದು ಅಗ್ಗದ ಥರ್ಮೋಸ್ಟಾಟನ್ನು ಅದೇ ತಂತಿಯಲ್ಲಿ ಸಾಲಾಗಿ ಹಾಕಿ, ಒಂದು ಡಿಗ್ರಿ ಮೇಲಕ್ಕೆ ಇಟ್ಟುಬಿಡಿ. ಮೊದಲನೆಯದು ಕೈಕೊಟ್ಟ ದಿನ ಅದು ಕಾಪಾಡುತ್ತದೆ.

ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಡಬ್ಲ್ಯು1209 ಹಲಗೆಯನ್ನೇ ತಂದಿದ್ದರೆ ಮೂರು ಕಡೆ ಕೈಯಾಡಿಸಿ. ಅದರ ಮೆನುವಿನಲ್ಲಿ ಪಿ0 ಎಚ್‌ನಲ್ಲಿರಲಿ. ಸಿ ಎಂದಿದ್ದರೆ ಬಿಸಿಯಾದ ಮೇಲೆಯೇ ಬಲ್ಬ್ ಹೊತ್ತುತ್ತದೆ! ಪಿ1ರಲ್ಲಿ ಏರಿಳಿತದ ಅಂತರ ಕಾರ್ಖಾನೆಯಿಂದ 2 ಡಿಗ್ರಿ ಎಂದು ಬಂದಿರುತ್ತದೆ, ಅದನ್ನು 0.3ಕ್ಕೆ ಇಳಿಸಿ. ಪಿ4 ತಪ್ಪು ತಿದ್ದುವ ಜಾಗ. ಕೆಂಪು ಅಂಕಿಯಲ್ಲಿ ದಶಾಂಶ ಕಂಡ ಮಾತ್ರಕ್ಕೆ ಅದು ನಿಜವಾಗುವುದಿಲ್ಲ, ಈ ಸೆನ್ಸರುಗಳು ಒಂದು ಡಿಗ್ರಿ ಆಚೀಚೆ ಹೇಳುವುದು ಮಾಮೂಲು. ಮನೆಯಲ್ಲಿ ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಇದ್ದರೆ ಅದಕ್ಕಿಂತ ಒಳ್ಳೆಯ ಒರೆಗಲ್ಲು ಬೇರಿಲ್ಲ, ಕೋಳಿಯ ಕಾವೂ ಮನುಷ್ಯನ ಜ್ವರವೂ ಒಂದೇ ಗೆರೆಗಳ ನಡುವೆ ಬರುತ್ತವೆ. ಒಂದು ಚೊಂಬು ಉಗುರುಬೆಚ್ಚಗಿನ ನೀರು, ಸೆನ್ಸರಿನ ತಲೆಗೆ ಪ್ಲಾಸ್ಟಿಕ್ ಸುತ್ತಿ ಥರ್ಮಾಮೀಟರಿನ ಬುಡಕ್ಕೆ ಕಟ್ಟಿ ಮುಳುಗಿಸಿ ಮೂರು ನಿಮಿಷ ಕಾಯಿರಿ. ಫ್ಯಾರನ್‌ಹೀಟ್ 100 ಅಂದರೆ 37.8. ಎಷ್ಟು ವ್ಯತ್ಯಾಸವೋ ಅಷ್ಟನ್ನು ಪಿ4ರಲ್ಲಿ ತುಂಬಿ. ಜ್ವರದ ಥರ್ಮಾಮೀಟರ್ ಏರಿದ್ದು ತಾನಾಗಿ ಇಳಿಯುವುದಿಲ್ಲ, ಪ್ರತಿ ಸಲ ಕೊಡವಿ.

ಸೆನ್ಸರ್ ಎಲ್ಲಿ ಇಡಬೇಕೆಂಬುದಕ್ಕೆ ಒಂದೇ ಮಾತು: ಮೊಟ್ಟೆಯ ಬೆನ್ನಿನ ಮಟ್ಟದಲ್ಲಿ, ಬಲ್ಬಿನ ಕಣ್ಣಿಗೆ ಬೀಳದಂತೆ. ಬಲ್ಬಿನ ಬೆಳಕು ನೇರವಾಗಿ ಬಿದ್ದರೆ ಸೆನ್ಸರಿನ ಕಪ್ಪು ತಲೆ ಗಾಳಿಗಿಂತ ಬಿಸಿಯಾಗಿ ಸುಳ್ಳು ಹೇಳುತ್ತದೆ. ನಡುವೆ ಒಂದು ತುಂಡು ತಗಡು ಅಡ್ಡ ನಿಲ್ಲಿಸಿ. ಕಂಪ್ಯೂಟರಿನ ಹಳೆ ಫ್ಯಾನೊಂದು ಗಾಳಿ ತಿರುಗಿಸುತ್ತಿದ್ದರೆ 37.5 ಸಾಕು. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಮೇಲೊಂದು, ಕೆಳಗೊಂದು ಕಾವು ಇರುವುದರಿಂದ ಮೊಟ್ಟೆಯ ಬೆನ್ನಿನ ಬಳಿ 38.5 ದಾಟಿಸಿಯೇ ಇಡಬೇಕು.

ಬಲ್ಬ್ ಸಿಗುವುದೇ ಈಗ ಕಷ್ಟ. 2015ರ ಉಜಾಲಾ ಯೋಜನೆಯ ನಂತರ ಅಂಗಡಿಗಳೆಲ್ಲ ಎಲ್‌ಇಡಿಮಯ. ಒಂಬತ್ತು ವಾಟಿನ ಎಲ್‌ಇಡಿಯಿಂದ ಕಾವು ಬರುತ್ತದೆಂದು ನಂಬಿ ಕೂತವರನ್ನು ಕಂಡು ಅಯ್ಯೋ ಅನಿಸಿದ್ದಿದೆ. ಹೆಸರಿಗೆ ಝೀರೋ, ತಿನ್ನುವುದು ಹದಿನೈದು ವಾಟ್ ಎಂಬ ತಂತಿಯ ಝೀರೋ ಬಲ್ಬು ಹಳೆಯ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಹಳೆ ಫ್ರಿಜ್ಜಿನ ಒಳಗಿನ ಬಲ್ಬೂ ಆದೀತು. ಅರವತ್ತರದೇ ಎರಡು ಸಿಕ್ಕರೆ ಒಂದರ ಬೆನ್ನಿಗೆ ಒಂದು, ಸಾಲಿನಲ್ಲಿ ಜೋಡಿಸಿ. ಅರೆ ವೋಲ್ಟೇಜಿನಲ್ಲಿ ಕೆಂಪಗೆ, ಸಾವಧಾನವಾಗಿ ಉರಿದು ವರ್ಷಗಟ್ಟಲೆ ಬಾಳುತ್ತವೆ. ಒಂದು ಹೋದರೆ ಎರಡೂ ಆರುತ್ತವೆ ಎಂಬುದು ನೆನಪಿರಲಿ.

ಮೂರನೆಯ ವಾರದಲ್ಲಿ ಒಂದು ವಿಶೇಷ ನಡೆಯುತ್ತದೆ. ಮೊಟ್ಟೆಯೊಳಗಿನ ಜೀವವೇ ಶಾಖ ಬಿಡತೊಡಗುತ್ತದೆ, ಒಂದೊಂದು ಮೊಟ್ಟೆ ಒಂದು ವಾಟಿನ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಐವತ್ತು ಮೊಟ್ಟೆಗೆ ಐದಾರು ವಾಟ್ ಆಯಿತಲ್ಲ, ಇಪ್ಪತ್ತು ವಾಟಿನ ಪೆಟ್ಟಿಗೆಯಲ್ಲಿ ಅದು ಕಾಲು ಪಾಲು. ಸಣ್ಣ ಬಲ್ಬಿನವರಿಗೆ ಇದು ಎದ್ದು ಕಾಣುತ್ತದೆ: ಬಲ್ಬ್ ಆರಿರುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಹದಿನೇಳನೆಯ ದಿನವೂ ಮೊದಲ ವಾರದಷ್ಟೇ ಉರಿಯುತ್ತಿದ್ದರೆ, ಕೋಣೆ ತಣ್ಣಗಾಗಿಲ್ಲವೆಂದು ಖಾತರಿ ಮಾಡಿಕೊಂಡು ಒಳಗೆ ಜೀವವಿದೆಯೇ ಎಂದು ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ.

ಆ ವಾರ ಕರೆಂಟು ಹೋದರೆ ಗಾಬರಿಯಾಗಿ ಕಂಬಳಿ ಹೊದಿಸುವವರು ಗಾಳಿತೂತುಗಳನ್ನೂ ಮುಚ್ಚಿಬಿಡುತ್ತಾರೆ. ಎರಡು ಗಂಟೆ ತಣ್ಣಗಿದ್ದರೆ ಆ ಮರಿಗಳು ತಡೆದುಕೊಂಡಾವು, ಉಸಿರಿಗೆ ಗಾಳಿಯಿಲ್ಲದಿದ್ದರೆ ತಡೆಯಲಾರವು. ಕಂಬಳಿ ಹೊದಿಸಿ, ತೂತುಗಳನ್ನು ಬಿಟ್ಟು ಹೊದಿಸಿ.