ಪ್ರಶ್ನೆ ಕೇಳಿದವಳ ಕಾಗದ

ಸಂತ ಜೆರೋಮನ ಪತ್ರಗಳನ್ನು ಓದುವುದೆಂದರೆ, ಟೆಲಿಫೋನಿನಲ್ಲಿ ಮಾತನಾಡುತ್ತಿರುವವರ ಪಕ್ಕದಲ್ಲಿ ಕುಳಿತ ಹಾಗೆ. ಒಂದು ಕಡೆಯ ಮಾತು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಇನ್ನೊಂದು ಕಡೆ ಇದ್ದವರು ಎಷ್ಟೋ ಸಲ ಹೆಂಗಸರು.

ಯೆಹೂದ್ಯರ ಹೀಬ್ರೂ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ ಈ ಪಂಡಿತ ಕ್ರಿ.ಶ. 382ರಿಂದ 385ರವರೆಗೆ ರೋಮಿನಲ್ಲಿದ್ದ. ಅಲ್ಲಿಯ ಅವೆಂಟೈನ್ ಗುಡ್ಡದ ಮೇಲೆ ಮಾರ್ಸೆಲ್ಲಾಳ ಮನೆ. ಮದುವೆಯಾಗಿ ಏಳು ತಿಂಗಳಿಗೇ ಗಂಡನನ್ನು ಕಳೆದುಕೊಂಡ ಈ ಸಿರಿವಂತೆ ಮರುಮದುವೆ ಒಲ್ಲೆನೆಂದು ಓದನ್ನು ಹಿಡಿದವಳು. ಆಮೆನ್, ಹಲ್ಲೆಲೂಯಾ ಎಂಬ ಹೀಬ್ರೂ ಮಾತುಗಳನ್ನು ಅನುವಾದಿಸದೆ ಹಾಗೆಯೇ ಉಳಿಸಿದ್ದೇಕೆ? ಕೀರ್ತನೆಗಳ ನಡುವೆ ಬರುವ 'ಸೆಲಾ'ದ ಅರ್ಥವೇನು? ಹೀಗೆ ಅವಳು ಕೇಳುತ್ತಾಳೆ, ಅವನು ಬರೆಯುತ್ತಾನೆ. ಬರೆದದ್ದು ಉಳಿದಿದೆ, ಕೇಳಿದ ಕಾಗದ ಉಳಿದಿಲ್ಲ.

ಅವಳ ಗೆಳತಿ ಪೌಲಾ ಇನ್ನೂ ಮುಂದೆ ಹೋದಳು. ಹೀಬ್ರೂ ಕಲಿತು, ಲ್ಯಾಟಿನ್ನಿನ ಎಳೆತವಿಲ್ಲದೆ ಕೀರ್ತನೆ ಹಾಡುತ್ತಿದ್ದಳೆಂದು ಜೆರೋಮನೇ ಹೇಳುತ್ತಾನೆ. ತಾನು ಬೆವರು ಹರಿಸಿ ಕಲಿತದ್ದು ಅರೆಬರೆ ಎಂದೂ ಒಪ್ಪಿಕೊಳ್ಳುತ್ತಾನೆ. ಬೆತ್ಲೆಹೇಮಿನಲ್ಲಿ ಅವನ ಅನುವಾದ ನಡೆದ ಮಠಗಳು ಎದ್ದದ್ದು ಅವಳ ಹಣದಿಂದ. ಅವಳು 404ರಲ್ಲಿ ತೀರಿಕೊಂಡಳು.

ಜೆರೋಮನಿಗೆ ಕೃತಜ್ಞತೆ ಇರಲಿಲ್ಲವೆಂದು ನಾನು ಹೇಳಲಾರೆ. ಪುಸ್ತಕಗಳನ್ನು ಹೆಂಗಸರಿಗೆ ಅರ್ಪಿಸುತ್ತಾನೆಂದು ಜನ ನಕ್ಕಾಗ, ಯೆಹೂದಿ ಸಾಹಿತ್ಯದ ಹುಲ್ದಾ, ದೆಬೋರಾ, ಜುಡಿತ್, ಎಸ್ತೇರರನ್ನು ಸಾಕ್ಷಿಗೆ ಕರೆದು ಬಾಯಿ ಮುಚ್ಚಿಸಿದವನು ಅವನು. ಆದರೂ ಒಂದು ಕಡೆ ನನ್ನ ಓದು ಮುಗ್ಗರಿಸುತ್ತದೆ. ಅವನು ರೋಮ್ ಬಿಟ್ಟ ಮೇಲೆ ಪಾದ್ರಿಗಳೂ ಸಂದೇಹ ಪರಿಹಾರಕ್ಕೆ ಮಾರ್ಸೆಲ್ಲಾಳ ಬಳಿಗೆ ಬರುತ್ತಿದ್ದರಂತೆ. ಅವಳು ತನ್ನ ಸ್ವಂತ ಉತ್ತರವನ್ನೂ ತನ್ನದೆನ್ನದೆ ಜೆರೋಮನದೋ ಮತ್ತೊಬ್ಬರದೋ ಎಂದು ಹೇಳುತ್ತಿದ್ದಳಂತೆ. ಹೆಂಗಸು ಬೋಧಿಸಬಾರದಲ್ಲ! ಇದನ್ನು ಅವನು ಅವಳ ವಿನಯವೆಂದು ಮೆಚ್ಚಿ ಬರೆಯುತ್ತಾನೆ.

ವಿನಯವೇ? ಮನೆಯಲ್ಲಿ ತಾನೇ ಯೋಚಿಸಿ ಕಂಡುಕೊಂಡ ಉಪಾಯವನ್ನು "ಅವರು ಹೇಳಿದರು" ಎಂದು ದಾಟಿಸುವ ಜಾಣತನ ನಮಗೆ ಗೊತ್ತಿಲ್ಲವೇ? ಹಾಗೆ ಹೇಳಿದರೆ ಮಾತು ನಡೆಯುತ್ತದೆ, ಹೆಸರು ಹೋಗುತ್ತದೆ. ಜೆರೋಮನದೆಂದು ರೋಮ್ ಕೇಳಿಸಿಕೊಂಡ ವಿದ್ವತ್ತಿನಲ್ಲಿ ಮಾರ್ಸೆಲ್ಲಾಳದೂ ಇತ್ತು ಎಂಬುದಕ್ಕೆ ಅವನ ಮಾತೇ ಸಾಕ್ಷಿ. ಪೌಲಾ ಮತ್ತು ಅವಳ ಮಗಳು ಯೂಸ್ಟೋಕಿಯಮ್ ಹೆಸರಿನಲ್ಲಿ ಉಳಿದಿರುವ ಒಂದು ಪತ್ರವನ್ನೂ ಬರೆದದ್ದು ಜೆರೋಮನೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅವಳ ಮಾತಿಗೆ ಅವನ ಹೆಸರು. ಅವರ ಹೆಸರಿಗೆ ಅವನ ಮಾತು.

ಆದ್ದರಿಂದ ಈ ಪತ್ರಗಳನ್ನು ಓದುವ ಸೋದರಿಯರಿಗೆ ನನ್ನದೊಂದು ಸೂಚನೆ: ಉತ್ತರ ಓದಿ ಮುಂದೆ ಹೋಗಬೇಡಿ. ಇಷ್ಟು ಸೂಕ್ಷ್ಮವಾದ ಉತ್ತರ ಬರೆಸಬೇಕಾದರೆ ಕೇಳಿದವಳು ಏನೇನು ಓದಿರಬೇಕು ಎಂದು ಅಲ್ಲೇ ನಿಂತು ಲೆಕ್ಕ ಹಾಕಿ.